ಆಕ್ಷೇಪಣೆ ಇದ್ದವರು

ಹಾಗಾದರೆ ಕಾಗದದಲ್ಲಿರುವುದೇ ಸರಿಯಿರಬಹುದಲ್ಲ, ಎಂದುಕೊಂಡ. ಮರುಕ್ಷಣವೇ, ಇಲ್ಲ, ಹೆತ್ತವಳು ನೋಡಿದ ಕೂಡಲೇ ಹೇಳಿದ್ದಳು, ಅವಳಿಗೆ ತಿಳಿಯದ್ದು ಕಾಗದಕ್ಕೇನು ತಿಳಿದೀತು, ಎಂದುಕೊಂಡ. ಬೆಳಿಗ್ಗೆ ಹಲ್ಲುಜ್ಜುವಾಗಿನಿಂದ ಈ ಎರಡು ಮಾತುಗಳು ಅವನೊಳಗೆ ಸರದಿಯ ಮೇಲೆ ಬಂದು ಕೂತು ಎದ್ದು ಹೋಗುತ್ತಿದ್ದವು. ಒಂದು ಎದ್ದ ಜಾಗದ ಬಿಸಿ ಆರುವ ಮೊದಲೇ ಇನ್ನೊಂದು ಬಂದು ಕೂರುತ್ತಿತ್ತು. ನ್ಯಾಯಾಲಯದ ಕಾರಿಡಾರಿನ ಉದ್ದ ಬೆಂಚಿನ ಮೇಲೆ ಅವನು ಹೆಂಡತಿಯ ಪಕ್ಕದಲ್ಲಿದ್ದ. ಬೆಂಚಿಗೆ ಒಂದು ಕಾಲು ಗಿಡ್ಡ. ಆ ತುದಿಯಲ್ಲಿ ಯಾರಾದರೂ ಎದ್ದರೆ ಈ ತುದಿ ಸ್ವಲ್ಪ ಕುಸಿಯುತ್ತಿತ್ತು, ಪ್ರತಿ ಸಲವೂ ಅವನು ತನ್ನ ಹೆಸರು ಕೂಗಿದರೇನೋ ಎಂದು ಬೆಚ್ಚುತ್ತಿದ್ದ. ಎದುರಿಗೆ ಕಿಟಕಿಯ ಹತ್ತಿರ ಮಗಳು ಅವಳ ವಕೀಲೆಯ ಜೊತೆ ನಿಂತು ಬಿಸ್ಕತ್ತು ತಿನ್ನುತ್ತಿದ್ದಳು. ತಿನ್ನುತ್ತಲೇ ಏನನ್ನೋ ಹೇಳಿ ನಗುತ್ತಿದ್ದಳು. ಸರ್ಕಾರದ ಕಾಗದದ ಪ್ರಕಾರ ಅವಳು ಐದು ತಿಂಗಳ ಕೂಸಾಗಿದ್ದಾಗಲೇ ಸತ್ತಿದ್ದಳು. ಸತ್ತವಳು ಬಾಯಿಯ ಪುಡಿ ಒರೆಸಿಕೊಂಡು, ಇನ್ನೊಂದು ಬಿಸ್ಕತ್ತನ್ನು ಅವನಿಗೆ ತೋರಿಸಿ ಬೇಕಾ ಎಂಬಂತೆ ಹುಬ್ಬೇರಿಸಿದಳು. ಅವನು ಬೇಡವೆಂದು ತಲೆಯಾಡಿಸಿದ. ಆ ಹುಬ್ಬು ಯಾರದು ಎಂದು ಯೋಚಿಸಿದ. ಯಾರದೂ ಅಲ್ಲ, ಅವಳಿಗಳಿಬ್ಬರಿಗೂ ಅದೇ ಹುಬ್ಬು ಇರುತ್ತಿತ್ತು.

ಅವಳು ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವಳು. ಊರಿನ ಬೇರೆ ಬೇರೆ ನಲ್ಲಿಗಳಿಂದ ಬಂದ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಏನಿದೆ ಏನಿಲ್ಲ ಎಂದು ಬರೆಯುವ ಕೆಲಸ. ವರ್ಷಗಟ್ಟಲೆ ದಿನಗೂಲಿಯಲ್ಲಿದ್ದವಳಿಗೆ ಕೊನೆಗೂ ಕಾಯಂ ಆಗುವ ಆದೇಶ ಬಂತು. ದಾಖಲೆಗಳು ಪರಿಶೀಲನೆಗೆ ಹೋದವು. ಜನನ ಪತ್ರವನ್ನು ನೋಡಿದ ಕಚೇರಿಯಿಂದ, ಸದರಿ ವ್ಯಕ್ತಿ ಶೈಶವದಲ್ಲೇ ಮೃತಪಟ್ಟಿರುತ್ತಾರೆ ಎಂದು ಉತ್ತರ ಬಂತು. ತಿದ್ದಿಸಿಕೊಂಡು ಬರದಿದ್ದರೆ ಆದೇಶ ರದ್ದು, ಮುಂದಿನವರಿಗೆ ಕೆಲಸ. ಆ ಸಂಜೆ ಮಗಳು ಚಪ್ಪಲಿ ಬಿಡುತ್ತಲೇ, "ಅಮ್ಮಾ, ನಾನು ಸತ್ತು ಎಷ್ಟೋ ವರ್ಷ ಆಯ್ತಂತೆ. ಮೊದಲು ಏನಾದ್ರೂ ತಿನ್ನೋಕೆ ಕೊಡು," ಎಂದಳು. "ಬಿಡ್ತು ಅನ್ನು. ಬಾಯಿಗೆ ಬಂದ ಹಾಗೆ ಆಡ್ತೀಯ," ಎಂದು ಹೆಂಡತಿ ಗದರಿದಳು. ಮಗಳು ಕಾಗದ ಓದಿ ಹೇಳಿದಳು. ಅವನು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ. ತೊಳೆಯುತ್ತಲೇ ಇದ್ದ. "ಅಪ್ಪ, ನೀರು. ನಾವಿಲ್ಲಿ ನೀರಿಗೆ ಒದ್ದಾಡ್ತೀವಿ," ಎಂದು ಮಗಳೇ ಬಂದು ನಲ್ಲಿ ನಿಲ್ಲಿಸಿದಳು. ಯಾರೋ ಗುಮಾಸ್ತನ ಎಡವಟ್ಟು ಎಂದು ಅವರಿಬ್ಬರೂ ಮಾತಾಡಿಕೊಂಡರು. ಎಂದಾದರೂ ಒಂದು ದಿನ ಇದು ಬಂದೇ ಬರುತ್ತದೆ ಎಂದು ಕಾದಿದ್ದವನು ತಾನೊಬ್ಬನೇ ಎಂಬುದು ಅವನಿಗೆ ಆಗ ತಿಳಿಯಿತು. ಎಷ್ಟೋ ಕಾಲದಿಂದ ಕಾದದ್ದು ಬಂದಾಗ ಆಗುವ ಒಂದು ಬಗೆಯ ಸಮಾಧಾನವೂ ಆಯಿತು, ಅದಕ್ಕೆ ತನ್ನ ಮೇಲೆ ಅಸಹ್ಯವೂ ಆಯಿತು.

ನೋಂದಣಿ ಕಚೇರಿಯಲ್ಲಿ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಗುಮಾಸ್ತನೊಬ್ಬ ಕುಳಿತಿದ್ದ. ಹಳೆಯ ಪುಸ್ತಕ ತರಿಸಿ, ಗಾಯದ ಬೆರಳನ್ನು ಮೇಲೆತ್ತಿಕೊಂಡೇ ಹಾಳೆ ತಿರುಗಿಸಿ, ತೋರಿಸಿದ. ಎರಡು ಜನನಗಳು, ಒಂದರ ಕೆಳಗೆ ಒಂದು. ಮೇಲಿನದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮರಣದ ಷರಾ. "ಗುಮಾಸ್ತರ ತಪ್ಪು ಅಂತೀರಲ್ಲಮ್ಮ, ಇಲ್ಲಿ ನೋಡಿ, ಮಾಹಿತಿ ಕೊಟ್ಟವರು ತಂದೆ, ರುಜು ತಂದೆಯದ್ದು. ಅಪ್ಪನವರೇ ಬಂದು ದೊಡ್ಡ ಮಗು ಅಂತ ಬರೆಸಿದ್ದಾರೆ," ಎಂದ. ಆಮೇಲೆ ಅವನ ಕಡೆ ನೋಡಿ, "ಏನ್ ಯಜಮಾನ್ರೇ, ನಿಮ್ಮ ಮಕ್ಕಳು ನಿಮಗೇ ಗುರುತು ಸಿಗಲಿಲ್ವಾ?" ಎಂದು ನಕ್ಕ. ಹಿಂದಿನ ಸಾಲಿನಲ್ಲಿ ನಿಂತವರೂ ನಕ್ಕರು. ಅವನೂ ನಕ್ಕ. ಆ ನಗು ತುಟಿಯ ಮೇಲೆ ಬಂದದ್ದು ಹೋಗದೆ ಅಂಟಿಕೊಂಡು, ಮನೆ ತಲುಪುವವರೆಗೂ ಮುಖದಲ್ಲಿ ಹಾಗೇ ಇದ್ದಂತೆ ಅವನಿಗೆ ಅನ್ನಿಸುತ್ತಿತ್ತು. ಕಚೇರಿಯಲ್ಲಿ ತಿದ್ದುವ ಅಧಿಕಾರ ಸಣ್ಣಪುಟ್ಟ ತಪ್ಪುಗಳಿಗೆ ಮಾತ್ರವಂತೆ. ಸಾವನ್ನು ಒಬ್ಬರ ಹೆಸರಿನಿಂದ ತೆಗೆದು ಇನ್ನೊಬ್ಬರ ಹೆಸರಿಗೆ ಹಾಕಬೇಕಾದರೆ ನ್ಯಾಯಾಲಯದ ಆದೇಶವೇ ಬೇಕು. ಅರ್ಜಿ, ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ, ಆಮೇಲೆ ವಿಚಾರಣೆ. ಎಲ್ಲಕ್ಕಿಂತ ಮೊದಲು ಮಾಹಿತಿ ಕೊಟ್ಟವರೇ ಬಂದು, ತಾವು ಕೊಟ್ಟ ಮಾಹಿತಿ ತಪ್ಪು ಎಂದು ಪ್ರಮಾಣ ಮಾಡಬೇಕು. "ಅಲ್ಲದಿದ್ರೆ ಇನ್ನೊಂದು ಸುಲಭದ ದಾರಿ ಇದೆ," ಎಂದು ಗುಮಾಸ್ತ ದನಿ ತಗ್ಗಿಸಿದ. "ಚಿಕ್ಕ ಮಗುವಿನ ಜನನ ಪತ್ರ ಜೀವಂತ ಇದೆ ನೋಡಿ. ಅದರ ಮೇಲೆ ಒಂದು ಗೀಟೂ ಇಲ್ಲ. ಅದನ್ನೇ ನಿಮ್ಮದು ಅಂತ ಇಟ್ಕೊಳ್ಳಿ. ಶಾಲೆ ದಾಖಲೆಯಲ್ಲಿ ಹೆಸರು ಬದಲಾಯಿಸಿಕೊಂಡ್ರೆ ಆಯ್ತು. ಸತ್ತವರಿಗೆ ಪಿಂಚಣಿ ಕೊಟ್ಟಿದ್ದು ನೋಡಿದ್ದೀನಿ, ಕೆಲಸ ಕೊಟ್ಟಿದ್ದು ನೋಡಿಲ್ಲ."

"ಅಂದ್ರೆ ನಾನು ಚಿಕ್ಕು ಆಗೋದಾ?" ಎಂದಳು ಮಗಳು. ಅವಳ ದನಿಯಲ್ಲಿ ನಗುವಿರಲಿಲ್ಲ. "ಪಾಪ, ಆ ಕೂಸಿನ ಹತ್ರ ಇರೋದು ಅದೊಂದು ಹೆಸರು. ಅದನ್ನೂ ನಾನು ಕಿತ್ಕೊಂಡು ಸಂಬಳ ತಗೊಳ್ಳೋದಾ? ಬೇಡ. ನ್ಯಾಯಾಲಯಕ್ಕೇ ಹೋಗ್ತೀನಿ." ಗುಮಾಸ್ತ ಹೆಬ್ಬೆರಳು ಎತ್ತಿ, ನಿಮ್ಮಿಷ್ಟ ಎಂಬಂತೆ ಆಡಿಸಿದ. ಆಗ, ಆ ಕೌಂಟರಿನ ಮುಂದೆ, ತೆಗೆದುಕೋ ಮಗಳೇ, ಅದು ನಿನ್ನದೇ ಇರಬಹುದು ಎಂಬ ಮಾತು ಅವನ ಗಂಟಲಿನವರೆಗೆ ಬಂತು. ಬಂದದ್ದನ್ನು ಕೆಮ್ಮಿ ನುಂಗಿದ. "ಅಪ್ಪಂಗೆ ಇಲ್ಲಿ ಧೂಳು ಆಗಲ್ಲ, ನಡಿ," ಎಂದು ಮಗಳು ಅವನ ತೋಳು ಹಿಡಿದು ಹೊರಗೆ ಕರೆತಂದಳು.

ಅವನು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು. ಈಗಲೂ ಅಲ್ಲಿ ಹೊಸಬರಿಗೆ ಅವನನ್ನು ತೋರಿಸಿ, ಮಾಸ್ಟರ ಕೈಯಲ್ಲಿ ಒಂದು ತೋಳೂ ಅದಲುಬದಲಾಗಿದ್ದಿಲ್ಲ ಎನ್ನುತ್ತಾರೆ. ಉದ್ದ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಒಟ್ಟಿಗೆ ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ಎಲ್ಲ ತುಂಡುಗಳೂ ಒಂದೇ. ಆದರೆ ಒಂದೇ ಥಾನಿನಿಂದ ಬಂದ ಬಟ್ಟೆಯೂ ಈ ಕೊನೆಗೂ ಆ ಕೊನೆಗೂ ಬಣ್ಣದಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತದೆ. ಒಂದು ಪದರದ ಎದೆಗೆ ಇನ್ನೊಂದು ಪದರದ ತೋಳು ಸೇರಿದರೆ ಹೊಲಿಯುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಸಿಲಿಗೆ ಹೋದಾಗ ಬೀಳುತ್ತದೆ. ಅದಕ್ಕೇ ಪ್ರತಿ ತುಂಡಿಗೂ ಅದರ ಪದರದ ನಂಬರಿನ ಚೀಟಿ ಅಂಟಿಸುವುದು. ಚೀಟಿ ಅಂಟಿಸುವವರೆಗೆ ಮೇಜು ಬಿಟ್ಟು ಏಳಬಾರದು, ಯಾರು ಕರೆದರೂ ಏಳಬಾರದು ಎಂದು ಅವನು ಎಲ್ಲರಿಗೂ ಹೇಳಿಕೊಡುತ್ತಾನೆ. ಹೇಳುವಾಗ ಅವನ ದನಿ ಅಗತ್ಯಕ್ಕಿಂತ ಗಟ್ಟಿಯಾಗುತ್ತದೆ. ಹುಡುಗಿಯರು ಹಿಂದಿನಿಂದ ಅದನ್ನು ಅಣಕಿಸುವುದನ್ನೂ ಅವನು ಕೇಳಿಸಿಕೊಂಡಿದ್ದಾನೆ.

ಕೂಸುಗಳಿಗೆ ಐದು ತಿಂಗಳಾಗಿದ್ದ ಆ ದಿನ ಅವನೇ ಎದ್ದಿದ್ದ. ಹಾಲು ಉಕ್ಕಿತ್ತು, ಅಷ್ಟೆ. ಹೆಂಡತಿಗೆ ಅಂಟುಜ್ವರ, ಆಸ್ಪತ್ರೆಯಲ್ಲಿ ಬೇರೆ ಕೋಣೆಯಲ್ಲಿಟ್ಟಿದ್ದರು, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಎರಡೂ ಕೂಸುಗಳು ಅವನ ಕೈಯಲ್ಲಿ. ದೊಡ್ಡು, ಚಿಕ್ಕು ಎಂದು ಕರೆಯುವುದು ಹೆಂಡತಿಯ ರೂಢಿ. ಮೊದಲು ಹುಟ್ಟಿದ್ದಕ್ಕೆ ದೊಡ್ಡು, ಅದರ ಬೆನ್ನಿಗೇ ಬಂದದ್ದಕ್ಕೆ ಚಿಕ್ಕು. ಕಾರ್ಖಾನೆಯಿಂದ ಅವನು ತಂದಿದ್ದ ಹಸಿರು ರಿಬ್ಬನ್ನಿನ ಚೂರನ್ನು ದೊಡ್ಡುವಿನ ಕಾಲಿಗೆ ಕಟ್ಟಿದ್ದಳು. ನಿಮ್ಮಂಥವರಿಗೆ ಬೇಕಾಗತ್ತೆ, ನನಗೇನೂ ಬೇಡ ಎಂದು ಅವನಿಗೆ ಚುಚ್ಚಿದ್ದಳು. ಮೀಯಿಸುವಾಗ ರಿಬ್ಬನ್ನು ಒದ್ದೆಯಾಗಿ ಬಿಗಿದು ಕಾಲು ಕೆಂಪಾಗಿತ್ತು, ಬಿಚ್ಚಿದ. ಎರಡನ್ನೂ ಒರೆಸಿ ಒಂದೇ ಬಟ್ಟೆಯ ಮೇಲೆ ಮಲಗಿಸಿದ. ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಎದ್ದ, ಒಲೆ ಆರಿಸಿದ, ಬಂದ. ಅಷ್ಟರಲ್ಲಿ ಕೂಸುಗಳು ಹೊರಳಿದ್ದವು. ಎರಡೂ ಒಂದೇ ದನಿಯಲ್ಲಿ ಅಳುತ್ತಿದ್ದವು. ಕಾಲು ಕೆಂಪಾದ ಗುರುತು ನೋಡೋಣವೆಂದರೆ ಬಿಸಿನೀರಿಗೆ ನಾಲ್ಕೂ ಕಾಲು ಕೆಂಪಾಗಿದ್ದವು. ಸ್ವಲ್ಪ ಹೊತ್ತು ರಿಬ್ಬನ್ನು ಹಿಡಿದುಕೊಂಡು ನಿಂತ. ಆಮೇಲೆ, ಇದೇ, ಎಂದುಕೊಂಡು ಒಂದಕ್ಕೆ ಕಟ್ಟಿದ. ಇದೇ ಎಂದು ಬಾಯಿಬಿಟ್ಟು ಹೇಳಿಯೂ ಹೇಳಿದ, ಕೋಣೆಯಲ್ಲಿ ಕೇಳುವವರು ಯಾರಾದರೂ ಇದ್ದಾರೇನೋ ಎಂಬ ಹಾಗೆ. ಅವಳು ಬಂದ ಮೇಲೆ ಸರಿಮಾಡುತ್ತಾಳೆ ಎಂದುಕೊಂಡ. ಅವಳು ಬರುವುದರೊಳಗೆ ರಿಬ್ಬನ್ನು ಕಟ್ಟಿದ ಕೂಸಿಗೇ ಜ್ವರ ಹತ್ತಿತು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದ. ಹಾಡಹಗಲಲ್ಲಿ, ಕಿಟಕಿಯಿಂದ ಬಿಸಿಲು ಬಿದ್ದ ಮಂಚದ ಮೇಲೆ, ಅದು ಹೋಯಿತು. ಅಣ್ಣನ ಜೊತೆ ಹೋಗಿ ಮಣ್ಣು ಮಾಡಿ, ಅಲ್ಲಿಂದಲೇ ಕಚೇರಿಗೆ ಹೋದ. ಯಾವ ಮಗು ಎಂದು ಕೇಳಿದರು. ರಿಬ್ಬನ್ನಿನ ಲೆಕ್ಕದಲ್ಲಿ ದೊಡ್ಡದು ಎಂದ. ರುಜು ಹಾಕುವಾಗ ಉಗುರಿನಲ್ಲಿ ಮಣ್ಣು ಇತ್ತು.

ಹೆಂಡತಿ ಮನೆಗೆ ಬಂದ ದಿನ ಅವಳಿಗೆ ಒಂದು ಮಗು ಹೋಗಿದೆ ಎಂದಷ್ಟೇ ಗೊತ್ತಿತ್ತು. ಯಾವುದು ಎಂದು ಹೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ, ಅಥವಾ ಅದೊಂದು ಬೇರೆ ಸುದ್ದಿ ಎಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಒಳಗೆ ಬಂದು, ಉಳಿದಿದ್ದ ಕೂಸನ್ನು ಎತ್ತಿಕೊಂಡು, ಅದರ ನೆತ್ತಿ ಮೂಸಿ, "ದೊಡ್ಡೂ," ಎಂದಳು. ಅವನು ಬಾಗಿಲಲ್ಲಿ ನಿಂತಿದ್ದ. ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ. ತಲೆಯಾಡಿಸಿದಾಗ ಮೈಯ ಭಾರವೆಲ್ಲ ಇಳಿದಂತಾಯಿತು. ಹಾಗಾದರೆ ತಾನು ರಿಬ್ಬನ್ನು ಕಟ್ಟಿದ್ದು ತಪ್ಪಾಗಿತ್ತು, ಹೋದದ್ದು ಚಿಕ್ಕು. ಹೆತ್ತವಳ ಮೂಗಿಗೆ ತಿಳಿಯುತ್ತದೆ. ಅವಳು ಚಿಕ್ಕು, ಚಿಕ್ಕು ಎಂದು ಅತ್ತಳು. ಕಚೇರಿಗೆ ಹೋಗಿ ತಿದ್ದಿಸಬೇಕು, ನಾಳೆ, ನಾಡಿದ್ದು, ಈ ವಾರ ಕಳೆಯಲಿ ಎಂದುಕೊಂಡ. ಹುಟ್ಟಿದಾಗಲೇ ತಂದಿಟ್ಟಿದ್ದ ಜನನ ಪತ್ರದ ಪ್ರತಿ ಮನೆಯಲ್ಲಿತ್ತು, ಶಾಲೆಗೆ ಅದೇ ಸಾಕಾಯಿತು. ತಿದ್ದಿಸಲು ಹೋದರೆ ಯಾಕೆ ತಪ್ಪು ಹೇಳಿದಿರಿ ಎಂದು ಕೇಳುತ್ತಾರೆ. ಅದಕ್ಕೆ ಹಾಲು ಉಕ್ಕಿತು ಎನ್ನಬೇಕಾಗುತ್ತದೆ.

ಆಮೇಲಿನ ವರ್ಷಗಳಲ್ಲಿ ಹೆಂಡತಿ ಮಗಳ ಮೇಲೆ ಸಿಟ್ಟು ಬಂದಾಗಲೆಲ್ಲ, "ಚಿಕ್ಕು ಆಗಿದ್ರೆ ಹೀಗೆ ಎದುರು ಮಾತಾಡ್ತಿರಲಿಲ್ಲ," ಎನ್ನುತ್ತಿದ್ದಳು. "ಐದು ತಿಂಗಳಿಗೆ ಎದುರು ಮಾತಾಡೋಕೆ ಬರಲ್ವಲ್ಲಮ್ಮ, ಅದಕ್ಕೇ ಒಳ್ಳೆಯವಳು," ಎಂದು ಮಗಳು ಅದಕ್ಕೂ ಎದುರು ಮಾತಾಡುತ್ತಿದ್ದಳು. ಅವನು ಊಟ ಮಾಡುತ್ತ ತಲೆಯೆತ್ತುತ್ತಿರಲಿಲ್ಲ. ಎದುರು ಮಾತಾಡುತ್ತಿರುವುದು ಚಿಕ್ಕುವೇ ಆಗಿದ್ದರೆ? ಹಾಗೆ ಅನ್ನಿಸಿದ ರಾತ್ರಿಗಳಲ್ಲಿ, ಹೆತ್ತವಳ ಮೂಗು ಎಂದು ತನಗೆ ತಾನೇ ಹೇಳಿಕೊಂಡು ನಿದ್ದೆ ಮಾಡುತ್ತಿದ್ದ. ಅದೊಂದು ಮಾತಿನ ಮೇಲೆ ಅವನ ಇಡೀ ಸಂಸಾರ ನಿಂತಿತ್ತು. ಗೋಡೆಗೆ ಹೊಡೆದ ಮೊಳೆಯಂತೆ ಆ ಮಾತನ್ನು ಅವನು ಆಗಾಗ ಮುಟ್ಟಿ ನೋಡುತ್ತಿದ್ದ, ಅಲುಗಾಡುತ್ತಿಲ್ಲವಷ್ಟೆ ಎಂದು.

ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನ ಅವನು ಕಾರ್ಖಾನೆಯ ಶೌಚಾಲಯದಲ್ಲಿ ನಿಂತು ಅದನ್ನು ಓದಿದ. ಮನೆ ಮಾರಾಟ, ಕಳೆದುಹೋದ ಅಂಕಪಟ್ಟಿ, ಹೆಸರು ಬದಲಾವಣೆಗಳ ನಡುವೆ ಬೆರಳಗಲದ ಜಾಗ. ಮರಣವು ಕಣ್ತಪ್ಪಿನಿಂದ ಮೊದಲ ಮಗುವಿನ ಹೆಸರಿನಲ್ಲಿ ನೋಂದಣಿಯಾಗಿದ್ದು, ಅದನ್ನು ಎರಡನೆಯ ಮಗುವಿನ ಹೆಸರಿಗೆ ತಿದ್ದಲು ಅರ್ಜಿ ಸಲ್ಲಿಸಲಾಗಿದೆ, ಈ ಬಗ್ಗೆ ಆಕ್ಷೇಪಣೆ ಇದ್ದವರು ಹಾಜರಾಗಿ ತಿಳಿಸತಕ್ಕದ್ದು. ಅವನು ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದ. ಆಕ್ಷೇಪಣೆ ಇರಬಹುದಾದವರು ಇಡೀ ಜಗತ್ತಿನಲ್ಲಿ ಒಬ್ಬಳೇ. ಅವಳು ಎಲ್ಲಿ ಹಾಜರಾಗುತ್ತಾಳೆ? ಮಣ್ಣಿನೊಳಗಿಂದಲೋ, ಪ್ರಯೋಗಾಲಯದಲ್ಲಿ ಬಾಟಲಿ ಹಿಡಿದುಕೊಂಡು ನಿಂತಲ್ಲಿಂದಲೋ? ಇಷ್ಟು ವರ್ಷ ಮಣ್ಣಿನೊಳಗಿದ್ದವಳು ದೊಡ್ಡುವೇ ಆಗಿದ್ದರೆ, ಅವಳ ಹತ್ತಿರ ಉಳಿದಿದ್ದ ಒಂದೇ ಆಸ್ತಿ ಅವಳ ಸಾವು, ಅದನ್ನೂ ಈಗ ತಾನು ರುಜು ಹಾಕಿ ಕಸಿದುಕೊಳ್ಳುತ್ತಿದ್ದ. ಆಗ ಬದುಕಿರುವವಳು ಚಿಕ್ಕು, ಅವಳನ್ನು ಪ್ರಮಾಣ ಮಾಡಿ ಸಾಯಿಸುತ್ತಿದ್ದ. ಹಾಗಲ್ಲದೆ ಹೆಂಡತಿ ಹೇಳಿದ್ದೇ ನಿಜವಾಗಿದ್ದರೆ ಎಲ್ಲವೂ ಸರಿ, ಅವನು ಬರೀ ಒಬ್ಬ ಮೈಮರೆತ ಅಪ್ಪ. ಹೊರಗಿನಿಂದ ಯಾರೋ ಬಾಗಿಲು ಬಡಿದು, "ಮಾಸ್ಟ್ರೇ, ಒಳಗೇ ಸಂಸಾರ ಹೂಡಿದ್ರಾ?" ಎಂದರು.

"ಅಂಕಲ್, ಬನ್ನಿ, ಇನ್ನೊಂದು ಸಲ ಹೇಳಿ ನೋಡೋಣ," ಎಂದು ವಕೀಲೆ ಬೆಂಚಿನ ಮುಂದೆ ಬಂದು ಬಗ್ಗಿದಳು. ಮಗಳ ಜೊತೆ ಶಾಲೆಯಲ್ಲಿ ಓದಿದವಳು, ಇವರ ಮನೆಯಲ್ಲಿ ಉಂಡು ಮಲಗಿ ಬೆಳೆದವಳು. "ಯಾಕೆ ತಪ್ಪಾಯ್ತು ಅಂತ ಕೇಳಿದ್ರೆ ಏನಂತೀರಿ?"

"ದುಃಖದ ಭರದಲ್ಲಿ, ಕಣ್ತಪ್ಪಿನಿಂದ."

"ಅಷ್ಟೇ. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಬೇಡ. ಕಥೆ ಶುರು ಮಾಡಬೇಡಿ."

"ಇವರು ಕಥೆ ಹೇಳೋದಾ?" ಎಂದಳು ಹೆಂಡತಿ. "ಹಸಿವಾಗಿದೆ ಅನ್ನೋಕೂ ಒಂದು ಗಂಟೆ ಬೇಕು ಇವರಿಗೆ."

ಮಗಳು ನಕ್ಕು ಅವನ ಅಂಗಿಯ ಕಾಲರು ಸರಿಪಡಿಸಿದಳು. "ಅಪ್ಪ, ಹೆದರ್ಕೋಬೇಡ. ನಿನ್ನನ್ನ ಯಾರೂ ಬೈಯಲ್ಲ. ಅಂಥ ದಿನ ಯಾರಿಗಾದ್ರೂ ತಪ್ಪಾಗತ್ತೆ." ಅವಳ ಬೆರಳಿನಲ್ಲಿ ಪ್ರಯೋಗಾಲಯದ ಔಷಧಿಯ ಸಣ್ಣ ವಾಸನೆಯಿತ್ತು. ಅವನು ಆ ಕೈಯನ್ನು ಒಂದು ಕ್ಷಣ ಹಿಡಿದುಕೊಂಡ. ಈಗ ಹೇಳಬಹುದು, ಇವಳು ನಕ್ಕುಬಿಡಲೂಬಹುದು, ಹಾಗಾದ್ರೆ ನಾನ್ಯಾರಪ್ಪ ಎಂದು ತಮಾಷೆ ಮಾಡಲೂಬಹುದು. ಆದರೆ ಆ ತಮಾಷೆ ಮಾಡಿದ ಮೇಲೆ ಇವಳು ಮನೆಗೆ ಹೋಗಿ ಕನ್ನಡಿಯ ಮುಂದೆ ಒಬ್ಬಳೇ ನಿಲ್ಲುತ್ತಾಳಲ್ಲ, ಆಗ? ಅಷ್ಟರಲ್ಲಿ ಬೆಂಚು ಕುಸಿಯಿತು, ಈ ಸಲ ನಿಜವಾಗಿಯೂ ಅವರನ್ನೇ ಕೂಗಿದ್ದರು.

ಕೋಣೆ ಅವನು ಅಂದುಕೊಂಡಿದ್ದಕ್ಕಿಂತ ಸಣ್ಣದಾಗಿತ್ತು. ಗೋಡೆಯ ಬಣ್ಣ ಆಳೆತ್ತರದವರೆಗೆ ಜನರ ಬೆನ್ನು ತಾಗಿ ಸವೆದಿತ್ತು. ಮ್ಯಾಜಿಸ್ಟ್ರೇಟರಿಗೆ ಶೀತವಾಗಿತ್ತು. ಒಂದು ಕೈಯಲ್ಲಿ ಕರವಸ್ತ್ರ ಹಿಡಿದುಕೊಂಡೇ ಕಡತ ತಿರುವಿ ಹಾಕುತ್ತಿದ್ದರು. ಆಕ್ಷೇಪಣೆ ಇದ್ದವರು ಯಾರಾದರೂ ಇದ್ದೀರಾ ಎಂದು ಬಾಗಿಲಲ್ಲಿ ನಿಂತವನು ಕಾರಿಡಾರಿನ ಕಡೆ ಮುಖ ಮಾಡಿ ಕೂಗಿದ. ಯಾರೂ ಬರಲಿಲ್ಲ. ಜವಾನ ಕೂಗಿ ಮುಗಿಸಿ ಒಳಗೆ ತಿರುಗಿದ ಮೇಲೂ ಅವನು ಬಾಗಿಲ ಕಡೆಯೇ ನೋಡುತ್ತಿದ್ದ. ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದರು, ಹೇಳಿದ.

"ನೀವೇನಾ ಮಾಹಿತಿ ಕೊಟ್ಟವರು?"

"ಹೌದು ಸರ್."

"ಅವಳಿ ಮಕ್ಕಳು. ನೋಡೋಕೆ ಒಂದೇ ಥರ ಇದ್ವಾ?"

"ಒಂದೇ ಥರ ಸರ್."

ಮ್ಯಾಜಿಸ್ಟ್ರೇಟರು ಮೂಗು ಒರೆಸಿಕೊಂಡರು. "ಅವತ್ತು ಮಗು ನಿಮ್ಮ ಕೈಯಲ್ಲೇ ಇತ್ತು. ಅವತ್ತು ದೊಡ್ಡದು ಹೋಯ್ತು ಅಂದ್ರಿ. ಈಗ ಅಲ್ಲ, ಚಿಕ್ಕದು ಅಂತೀರಿ. ಅವತ್ತಿಗಿಂತ ಇವತ್ತು ನಿಮಗೆ ಚೆನ್ನಾಗಿ ಗೊತ್ತು ಅನ್ನೋದಕ್ಕೆ ಏನು ಆಧಾರ? ನಾನು ಯಾವ ಮಾತು ನಂಬಲಿ?"

ಕಲಿಸಿದ ವಾಕ್ಯ ಅವನಿಗೆ ನೆನಪಿತ್ತು. ಕಣ್ತಪ್ಪು ಎಂದರೆ ಮುಗಿಯುತ್ತಿತ್ತು. ಆದರೆ ಇವರು ಯಾಕೆ ತಪ್ಪಾಯಿತು ಎಂದು ಕೇಳಿರಲಿಲ್ಲ, ಹೇಗೆ ಗೊತ್ತು ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. ಟೈಪು ಮಾಡುವವಳು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾದಳು. ವಕೀಲೆ ಏನೋ ಹೇಳಲು ಎದ್ದಳು, ಮ್ಯಾಜಿಸ್ಟ್ರೇಟರು ಕರವಸ್ತ್ರದ ಕೈಯಿಂದ ಅವಳನ್ನು ಕೂರಿಸಿದರು. ಅವನು ಮಗಳ ಕಡೆ ನೋಡಿದ. ಅವಳು ನೀರಿನ ಬಾಟಲಿ ನೋಡುವಂತೆ, ಒಳಗೆ ಏನಿದೆ ಎಂದು, ಅವನನ್ನು ನೋಡುತ್ತಿದ್ದಳು.

"ಅವರಮ್ಮನಿಗೆ ಗೊತ್ತಿತ್ತು ಸರ್," ಎಂದ. "ಅವಳಿಗೆ ನೋಡಿದ ಕೂಡಲೇ ಗೊತ್ತಾಯ್ತು."

ಹೇಳಿದ ಮೇಲೆ ನಾಚಿಕೆಯಾಯಿತು. ಬಾಗಿಲಲ್ಲಿ ನಿಂತು ತಲೆಯಾಡಿಸಿದ ದಿನ ಹೇಗೆ ತನ್ನ ಹೊರೆಯನ್ನು ಅವಳ ತಲೆಗೆ ದಾಟಿಸಿದ್ದನೋ ಇವತ್ತೂ ಹಾಗೇ ದಾಟಿಸಿದ್ದ. ಅವಳ ಹೆಸರು ಸಾಕ್ಷಿಗಳಲ್ಲಿ ಇರಲೇ ಇಲ್ಲ. ಆದರೂ ಕರೆದರು. ಅವಳು ಕೈಚೀಲವನ್ನು ಬೆಂಚಿನ ಮೇಲೆ ಬಿಡದೆ ಎದೆಗೆ ಅವಚಿಕೊಂಡೇ ಕಟಕಟೆ ಹತ್ತಿದಳು. ಮಂಡಿನೋವಿಗೆ ಮೆಟ್ಟಿಲ ಮೇಲೆ ಒಮ್ಮೆ ನಿಂತಳು.

"ನೀವು ಹೇಗೆ ಗುರುತು ಹಿಡಿದ್ರಿ ಅಮ್ಮಾ?"

"ಹೆತ್ತವಳಿಗೆ ಗೊತ್ತಾಗಲ್ವಾ ಸ್ವಾಮಿ."

"ಅದು ಸರಿ. ಆದ್ರೆ ನಾನು ಬರೆಯೋಕೆ ಏನಾದ್ರೂ ಬೇಕಲ್ಲ."

ಅವಳು ಕೈಚೀಲದ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಆಮೇಲೆ ಬಹಳ ಸಹಜವಾಗಿ, ಅಂಗಡಿಯಲ್ಲಿ ಬೇಕಾದ ಸಾಮಾನು ಹೇಳುವಂತೆ, "ಮಚ್ಚೆ ಇತ್ತು ಸ್ವಾಮಿ. ಚಿಕ್ಕುಗೆ ಎಡಗಿವಿ ಹಿಂದೆ, ಸಾಸಿವೆ ಕಾಳಿನಷ್ಟು. ಕಿವಿ ಮಡಚಿದ್ರೆ ಮಾತ್ರ ಕಾಣ್ತಿತ್ತು. ದೊಡ್ಡುಗೆ ಇರಲಿಲ್ಲ. ನಾನು ಮನೆಗೆ ಬಂದವಳೇ ಕಿವಿ ಮಡಚಿ ನೋಡಿದೆ," ಎಂದಳು.

ವಕೀಲೆಯ ಪೆನ್ನು ನಿಂತಿತು. ಮ್ಯಾಜಿಸ್ಟ್ರೇಟರು ಮಗಳ ಕಡೆ ತಿರುಗಿ, ನಿಮಗೆ ಅಂಥದ್ದೇನಾದರೂ ಇದೆಯೇ ಎಂದು ಕೇಳಿದರು. ಮಗಳು ಕೂದಲು ಸರಿಸಿ, ಕಿವಿಯ ಹಿಂದೆ ಬೆರಳಾಡಿಸಿ, "ಇಲ್ಲ ಸರ್," ಎಂದಳು. ಟೈಪು ಮಾಡುವವಳು ಎದ್ದು ಹತ್ತಿರ ಬಂದು ನೋಡಿ, ಇಲ್ಲ ಎಂದು ತಲೆಯಾಡಿಸಿ, ಹೋಗಿ ಕೂತಳು. "ತಂದೆಯವರೇ," ಎಂದರು ಮ್ಯಾಜಿಸ್ಟ್ರೇಟರು, "ಈ ಮಚ್ಚೆ ವಿಷಯ ನಿಮಗೂ ಗೊತ್ತಿತ್ತಾ?"

ರಿಬ್ಬನ್ನು ಕೈಯಲ್ಲಿ ಹಿಡಿದು ನಿಂತ ಆ ಸ್ವಲ್ಪ ಹೊತ್ತಿನಲ್ಲಿ ಅವನು ಸುಮ್ಮನೆ ನಿಂತಿರಲಿಲ್ಲ. ಹುಡುಕಿದ್ದ. ಕಾರ್ಖಾನೆಯಲ್ಲಿ ಬಟ್ಟೆಯ ದೋಷ ಹುಡುಕುವವನ ಕಣ್ಣು ಅದು. ಎರಡೂ ಕೂಸುಗಳನ್ನು ಕಿಟಕಿಯ ಬೆಳಕಿಗೆ ತಂದು, ಅಂಗೈ ಬಿಡಿಸಿ, ಕಂಕುಳು ಬಿಡಿಸಿ, ಕತ್ತಿನ ಮಡಿಕೆ, ತೊಡೆಯ ಮಡಿಕೆ, ಬೆರಳ ಸಂದು, ಕಿವಿಯ ಹಿಂದೆ. ಮಡಚಿದ ಕಿವಿಗಳು ಒದ್ದೆಯಾಗಿ, ಒಳಗಿನಿಂದ ಬೆಳಕು ಬಂದಂತೆ ನಸುಗೆಂಪಾಗಿದ್ದವು. ಅವು ನಾಲ್ಕೂ ಅವನಿಗೆ ಈಗಲೂ ಕಾಣುತ್ತಿದ್ದವು. ಹೆಂಡತಿ ಆಸ್ಪತ್ರೆಯಿಂದ ಆ ಕೋಣೆಗೆ ಬಂದ ದಿನವೂ ಕಾಣುತ್ತಿತ್ತು. ಕಿವಿ ಮಡಚಲಿಲ್ಲ ಅವಳು. ನೆತ್ತಿ ಮೂಸಿದಳು, ಹೆಸರು ಹೇಳಿದಳು, ಅವನ ಮುಖ ನೋಡಿದಳು. ಎಷ್ಟು ಹೊತ್ತು ನೋಡಿದಳು. ಅವನು ತಲೆಯಾಡಿಸುವವರೆಗೆ ನೋಡಿದಳು. ತಲೆಯಾಡಿಸಿದ ಮೇಲೆ ಅಳಲು ಶುರುಮಾಡಿದಳು. ಇಷ್ಟು ವರ್ಷ ಅವಳಿಗೆ ಗೊತ್ತು ಎಂದು ಅವನು ನಂಬಿದ್ದ. ಅವನಿಗೆ ಗೊತ್ತು ಎಂದು ಅವಳು ನಂಬಿದ್ದಳೇನೋ. ಅಥವಾ ನಂಬಿರಲೂ ಇಲ್ಲ. ಎರಡರಲ್ಲಿ ಒಂದು ಹೆಸರು ಹೇಳಲೇಬೇಕಿತ್ತು, ಬದುಕಿದ್ದ ಕೂಸು ಕೈಯಲ್ಲಿ ಅಳುತ್ತಿತ್ತು, ಒಂದು ಹೆಸರು ಹೇಳಿದಳು. ಕಟಕಟೆಯ ಮೇಲೆ ನಿಂತಿದ್ದ ಹೆಂಡತಿ ಅವನ ಕಡೆ ನೋಡುತ್ತಿರಲಿಲ್ಲ. ಎದುರಿನ ಗೋಡೆಯ ಸವೆದ ಬಣ್ಣವನ್ನು ನೋಡುತ್ತಿದ್ದಳು. ಅವಳ ಹೆಬ್ಬೆರಳು ಚೀಲದ ಹಿಡಿಯ ಮೇಲೆ ನಿಂತುಹೋಗಿತ್ತು. ಒಂದೇ ಹಾಸಿಗೆಯಲ್ಲಿ, ಒಂದೇ ಗೋಡೆಯ ಕಡೆ ಮುಖ ಮಾಡಿ ಎಷ್ಟೋ ವರ್ಷ ಮಲಗಿದ ಈ ಹೆಂಗಸು ಅಷ್ಟೂ ಕಾಲ ತನ್ನಂತೆಯೇ ಎಚ್ಚರವಾಗಿದ್ದಳು ಎಂಬುದು ಅವನಿಗೆ ಆ ಬೆರಳಿನಿಂದ ತಿಳಿಯಿತು. ಮುಟ್ಟಿ ಮುಟ್ಟಿ ನೋಡುತ್ತಿದ್ದ ಮೊಳೆ ಕೈಗೇ ಬಂದಿತ್ತು. ಈಗ ಇಲ್ಲ ಎಂದರೆ ಮಗಳ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಕಟಕಟೆಯಲ್ಲಿ ನಿಂತವಳು ಸುಳ್ಳುಗಾರ್ತಿಯಾಗುತ್ತಾಳೆ. ಹೌದು ಎಂದರೆ ಇಬ್ಬರಲ್ಲಿ ಯಾರೋ ಒಬ್ಬಳು ಇನ್ನೆಂದಿಗೂ ಇರುವುದಿಲ್ಲ.

"ಹೌದು ಸರ್," ಎಂದ. "ಗೊತ್ತಿತ್ತು. ಆ ಗಾಬರಿಯಲ್ಲಿ ಕಿವಿ ನೋಡಲಿಲ್ಲ."

ಕೀಲಿಗಳು ಸದ್ದು ಮಾಡಿದವು. ಹೆಂಡತಿ ಉಸಿರು ಬಿಟ್ಟದ್ದು ಅವನಿಗೆ ಅಷ್ಟು ದೂರಕ್ಕೂ ಕೇಳಿಸಿತು. ಮ್ಯಾಜಿಸ್ಟ್ರೇಟರು ಸೀನಿ, ಕ್ಷಮಿಸಿ ಎಂದು, ಅರ್ಜಿಯನ್ನು ಒಪ್ಪಿದ್ದೇನೆ ಎಂದರು.

ಹೊರಗೆ ವಕೀಲೆ, "ಆಂಟಿ, ಇಂಥ ಸಾಕ್ಷಿ ಇಟ್ಕೊಂಡು ನನಗೇ ಹೇಳಿಲ್ವಲ್ಲ ನೀವು," ಎಂದು ಹೆಂಡತಿಯ ಹೆಗಲು ಹಿಡಿದು ಅಲುಗಾಡಿಸಿದಳು. "ಕೇಳಿದ್ರೆ ತಾನೇ ಹೇಳೋದು," ಎಂದಳು ಹೆಂಡತಿ. ಮಗಳು ಆದೇಶದ ಪ್ರತಿಗೆ ಓಡಿ, ಬೇಗನೆ ಮರಳಿ ಬಂದಳು. "ಅಪ್ಪ, ನಾನು ಬದುಕಿದ್ದೀನಿ. ಮೊಹರು ಬಿದ್ದಿದೆ. ಏನು ಕೊಡಿಸ್ತೀಯ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮಾತಾಡುತ್ತಲೇ ಅವಳ ಬೆರಳು ತನ್ನ ಎಡಗಿವಿಯ ಹಿಂದೆ ಹೋಗಿ, ಅಲ್ಲಿ ಏನೂ ಇಲ್ಲದ್ದನ್ನು ಮುಟ್ಟಿ ನೋಡಿ, ವಾಪಸು ಬಂತು. "ಪಾಪ ಚಿಕ್ಕು," ಎಂದಳು. "ಇಷ್ಟು ದಿನ ಅವಳಿಗೊಂದು ಮುಖವೇ ಇರಲಿಲ್ಲ ನನಗೆ. ಇವತ್ತು ಒಂದು ಮಚ್ಚೆಯಾದ್ರೂ ಸಿಕ್ತು. ಯಾಕಮ್ಮ ಒಂದು ದಿನವೂ ಹೇಳಲಿಲ್ಲ?"

ಹೆಂಡತಿ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಮಗಳು ವಕೀಲೆಯ ಜೊತೆ ಮೆಟ್ಟಿಲಿಳಿದು ಹೋದ ಮೇಲೆ ಅವನೂ ಅವಳ ಪಕ್ಕದಲ್ಲಿ ಕೂತ. ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಕಾರಿಡಾರಿನಲ್ಲಿ ಮುಂದಿನ ಪ್ರಕರಣದವರನ್ನು ಕೂಗುತ್ತಿದ್ದರು. ಅವಳು ಒಮ್ಮೆ ಅವನ ಕಡೆ ತಿರುಗಿದಳು. ಅವನು ಏನಾದರೂ ಹೇಳುತ್ತಾನೇನೋ ಎಂದು ಕಾದಳು, ಅಥವಾ ಹೇಳದಿರಲಿ ಎಂದು ಕಾದಳು. ಬಹಳ ಹೊತ್ತಾದ ಮೇಲೆ, "ಬಿಸಿಲು ಇಲ್ಲಿಗೇ ಬರ್ತಿದೆ, ಏಳ್ರೀ," ಎಂದಳು. ಅವನು ಎದ್ದು ಅವಳಿಗೆ ಕೈ ಕೊಟ್ಟ.

ತಾನು ಎರಡೂ ಮಕ್ಕಳ ಕಿವಿ ಮಡಚಿ ನೋಡಿದ್ದೆ, ಯಾವ ಕಿವಿಯ ಹಿಂದೆಯೂ ಏನೂ ಇರಲಿಲ್ಲ ಎಂದು ಅವನು ಅವಳಿಗೆ ಆ ದಿನ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.